ಸಾಕುನಾಯಿಗಳ ಜಾತಿಯೂ ಸ್ವಭಾವವೂ

ಎತ್ತನ್ನು ಕೊಳ್ಳುವಾಗ ಸುಳಿ, ಹಲ್ಲು, ಗೊರಸು, ನಡಿಗೆಗಳನ್ನೆಲ್ಲ ಪರೀಕ್ಷಿಸುವ ರೈತನು ನಾಯಿಮರಿಯನ್ನು ತರುವಾಗ ಮಾತ್ರ ಬಣ್ಣವನ್ನೂ ಕಿವಿಯ ಅಂದವನ್ನೂ ನೋಡಿ ತೃಪ್ತನಾಗುವುದು ಸೋಜಿಗವೇ ಸರಿ. ಅಮೃತಮಹಲ್ ಎತ್ತಿನ ಉಗ್ರಸ್ವಭಾವಕ್ಕೂ ದೇವಣಿ ಎತ್ತಿನ ಸಾಧುತನಕ್ಕೂ ಎಷ್ಟು ಅಂತರವುಂಟೋ ನಾಯಿಯ ಜಾತಿಗಳಲ್ಲಿಯೂ ಅಷ್ಟೇ ಅಂತರವುಂಟು. ಯಾವ ಕೆಲಸಕ್ಕಾಗಿ ಒಂದು ತಳಿಯನ್ನು ತಲೆತಲಾಂತರದಿಂದ ಆರಿಸಿ ಬೆಳೆಸಿರುವರೋ ಆ ಕೆಲಸದ ಗುಣವು ಅದರ ರಕ್ತದಲ್ಲಿ ನಿಂತಿರುತ್ತದೆ. ಅದನ್ನು ಸರಪಳಿಯಿಂದಲಾಗಲಿ ಬೆತ್ತದಿಂದಲಾಗಲಿ ಕಳೆಯುವುದು ಸಾಧ್ಯವಿಲ್ಲ.

ನಮ್ಮ ಸೀಮೆಯ ಹೆಸರಾಂತ ಜಾತಿಯೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಆಂಗ್ಲ ದೊರೆ ಐದನೆಯ ಜಾರ್ಜರಿಗೆ ಇದರ ಜೋಡಿಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಇದರ ಚಿತ್ರವುಳ್ಳ ಅಂಚೆಚೀಟಿ ಹೊರಟಿತು. 2016ರಲ್ಲಿ ಸೈನ್ಯದವರು ಕೆಲವು ಮರಿಗಳನ್ನು ಶಿಕ್ಷಣಕ್ಕಾಗಿ ಮೀರತ್ತಿಗೆ ಕೊಂಡೊಯ್ದರು. ಇಷ್ಟು ಕೀರ್ತಿ ಬಂದಮೇಲೆ ಅನೇಕ ಜಮೀನುದಾರರಿಗೆ ಇದರ ಮೇಲೆ ಆಸೆ ಹುಟ್ಟಿರುವುದು ಸಹಜವೇ. ಆದರೆ ಇದರ ಸ್ವಭಾವವನ್ನು ತಿಳಿಯದೆ ತಂದವರಿಗೆ ಪಶ್ಚಾತ್ತಾಪವೇ ಗತಿ.

ಭುಜದ ಬಳಿ ಸುಮಾರು ಎರಡು ಕಾಲು ಅಡಿ ಎತ್ತರ, ನೀಳವಾದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆ: ಈ ಶರೀರವು ಓಟಕ್ಕಾಗಿಯೇ ರೂಪುಗೊಂಡದ್ದು. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯನ್ನು ಹಿಡಿಯುವ ಪ್ರಾಣಿ. ದೂರದಲ್ಲಿ ಏನಾದರೂ ಓಡಿತೆಂದರೆ ಇದಕ್ಕೆ ಯಜಮಾನನ ಕೂಗು ಕೇಳಿಸದು. ಆದಕಾರಣ ಕೋಳಿ, ಕುರಿಮರಿಗಳಿರುವ ಮನೆಯಲ್ಲಿ ಎಳೆಯ ವಯಸ್ಸಿನಿಂದಲೇ ಅವುಗಳ ನಡುವೆ ಬೆಳೆಸತಕ್ಕದ್ದು. ಬೆಳೆದ ನಾಯಿಯನ್ನು ತಂದು ಕುರಿಹಟ್ಟಿಯ ಬಳಿ ಬಿಡತಕ್ಕದ್ದಲ್ಲ. ಅಪರಿಚಿತರು ಮೈಮುಟ್ಟುವುದನ್ನು ಇದು ಸಹಿಸದು. ಮನೆಯವರಲ್ಲಿ ಮಾತ್ರ ಗಾಢವಾದ ಪ್ರೀತಿ. ಹೊಡೆತಕ್ಕೆ ಕುಗ್ಗಿಹೋಗುವ ಮಾನಿಷ್ಠ ಪ್ರಾಣಿಯಿದು. ಸರ್ಕೀಟಿನಲ್ಲಿ ತಿರುಗುವಾಗ ನಾನು ಕಂಡ ಕೆಟ್ಟ ಮುಧೋಳದ ನಾಯಿಗಳೆಲ್ಲವೂ ಹಗಲಿರುಳು ಬಾಗಿಲಿಗೆ ಕಟ್ಟಿಹಾಕಿದವು. ಅವು ಕಾಲಿನ ಸ್ನಾಯು ಕರಗಿ, ಮನಸ್ಸು ಕೆಟ್ಟು, ಮನೆಯ ಮಕ್ಕಳನ್ನೇ ಕಚ್ಚುವ ಸ್ಥಿತಿಗೆ ಬಂದಿದ್ದವು. ದಿನಕ್ಕೆರಡು ಬಾರಿ ಬೇಲಿಯೊಳಗೆ ಮನದಣಿಯೆ ಓಡಲು ಅವಕಾಶವಿಲ್ಲದವರು ಇದರ ಗೊಡವೆಗೆ ಹೋಗದಿರುವುದೇ ಲೇಸು. ಮೊಲದ ಬೇಟೆಗೆ ಬಿಡುವ ಹಳೆಯ ಪದ್ಧತಿಯನ್ನಂತೂ ಗ್ರಾಮಮುಖ್ಯರು ತಡೆಯಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

ಆಹಾರದಲ್ಲಿ ಇದು ದುಬಾರಿಯಲ್ಲ. ಅದರ ಸೀಮೆಯ ರೈತರು ಜೋಳ, ಗೋಧಿ, ಬೇಳೆಗಳ ಹಿಟ್ಟನ್ನು ಬೇಯಿಸಿ ಹಾಲಿನೊಡನೆ ಕೊಡುವರು. ಹೆಸರಿನ ಆಸೆಗೆ ಬೆರಕೆ ಮರಿಗಳನ್ನು ಮಾರುವವರೂ ಇರುವುದರಿಂದ ತಂದೆತಾಯಿ ನಾಯಿಗಳೆರಡನ್ನೂ ಕಣ್ಣಾರೆ ನೋಡದೆ ಹಣ ಕೊಡಬಾರದು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ವಿಚಾರಿಸುವುದು ಮೇಲು.

ತಮಿಳುನಾಡಿನ ರಾಜಪಾಳಯಂ ನಾಯಿಯು ಬೆಳ್ಳಗೆ, ನಸುಗೆಂಪು ಮೂಗಿನದಾಗಿ ಬಹು ಸುಂದರವಾಗಿದೆ. ಕಾವಲಿನಲ್ಲಿ ಮುಧೋಳಕ್ಕಿಂತ ಕಟ್ಟುನಿಟ್ಟು. ಆದರೆ ಈ ಬಿಳಿಯ ಜಾತಿಯಲ್ಲಿ ಹುಟ್ಟುಕಿವುಡು ಕಂಡುಬರುವುದುಂಟು. ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ, ತಿರುಗಿ ನೋಡುವುದೋ ಇಲ್ಲವೋ ಎಂದು ಪರೀಕ್ಷಿಸಬೇಕು.

ಪರದೇಶದ ಜಾತಿಗಳಲ್ಲಿ ಜರ್ಮನಿಯ ಕುರಿಕಾಯುವ ನಾಯಿಯಾದ ಆಲ್ಸೇಷಿಯನ್ ಬಹು ಬುದ್ಧಿಶಾಲಿ. ಹೇಳಿಕೊಟ್ಟರೆ ಏನನ್ನಾದರೂ ಕಲಿಯುವುದು, ಹೇಳಿಕೊಡದಿದ್ದರೆ ಕಿಡಿಗೇಡಿತನವನ್ನು ತಾನೇ ಕಲಿಯುವುದು. ಸೊಂಟದ ಕೀಲಿನ ದೋಷವು ಇದರಲ್ಲಿ ವಂಶಪಾರಂಪರ್ಯವಾಗಿ ಇಳಿಯುತ್ತದೆ. ಲ್ಯಾಬ್ರಡಾರ್ ಮಕ್ಕಳೊಡನೆ ಅತಿ ಸೌಮ್ಯ. ಕಳ್ಳನಿಗೂ ಬಾಲವಾಡಿಸಿದರೆ ಆಶ್ಚರ್ಯವಿಲ್ಲ. ಹೊಟ್ಟೆಬಾಕತನದಿಂದ ಬೇಗ ಕೊಬ್ಬುತ್ತದೆ. ಚಪ್ಪಟೆ ಮೂಗಿನ ಪಗ್ ನಾಯಿಯನ್ನು ರಾಯಚೂರು, ಕಲಬುರಗಿಗಳಂಥ ಬಿಸಿಲಿನ ನಾಡಿಗೆ ತರುವುದು ಹಿಂಸೆಯೇ ಸರಿ. ಉಸಿರಾಟಕ್ಕೇ ಅದು ಕಷ್ಟಪಡುವುದು.

ಇಷ್ಟನ್ನೂ ನೋಡಿದರೆ, ಕಣಕ್ಕೂ ದನದ ಕೊಟ್ಟಿಗೆಗೂ ನಮ್ಮ ಊರನಾಯಿಯೇ ಬಹುಮಟ್ಟಿಗೆ ಸಾಕೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಉಳಿದ ರೊಟ್ಟಿ, ಮುದ್ದೆ ತಿಂದು ಬಿಸಿಲು ಮಳೆಗಳನ್ನು ತಾಳಿ, ಹೊಸಬರನ್ನು ಕಂಡೊಡನೆ ಬೊಗಳುತ್ತದೆ. ಕಾವಲಿಗೆ ಬೇಕಾದದ್ದು ಬೊಗಳುವಿಕೆಯೇ ಹೊರತು ಕಚ್ಚುವಿಕೆಯಲ್ಲ.

ಯಾವ ಜಾತಿಯೇ ಆಗಲಿ, ಮೂರು ತಿಂಗಳಿಗೆ ಹುಚ್ಚುರೋಗದ ಚುಚ್ಚುಮದ್ದನ್ನು ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ಮರಳಿ ಹಾಕಿಸುತ್ತಿರಬೇಕು. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಹಚ್ಚುವ ಅಭ್ಯಾಸವು ಇನ್ನೂ ಕೆಲವು ಕಡೆ ಉಳಿದಿದೆ. ಇದನ್ನು ಬಿಡಿಸುವುದು ಗ್ರಾಮಮುಖ್ಯರ ಕರ್ತವ್ಯ. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೋಗವು ತಲೆದೋರಿದ ಮೇಲೆ ಮದ್ದಿಲ್ಲ. ಪಶುವೈದ್ಯರಿಗೆ ಮುಂಚಿತವಾಗಿ ಬರೆದು ದಿನವನ್ನು ಗೊತ್ತುಮಾಡಿಕೊಂಡರೆ ಊರಿನ ನಾಯಿಗಳೆಲ್ಲಕ್ಕೂ ಒಂದೇ ಸಲ ಚುಚ್ಚುಮದ್ದು ಹಾಕಿಸಬಹುದು. ಆ ದಿನವನ್ನು ಹಿಂದಿನ ಸಂಜೆಯೇ ಡಂಗುರ ಹೊಡೆಸಿ ತಿಳಿಸತಕ್ಕದ್ದು.