ನೂರಕ್ಕೆ 4.81ರ ಹಿಂದಿನ ಹೋರಾಟ

ಬೆಂಗಳೂರಿನ ಯಾವುದಾದರೂ ಕಂಪನಿಯ ಆಫರ್ ಲೆಟರ್ ತೆಗೆದುಕೊಂಡು ಸಂಬಳದ ವಿವರವಿರುವ ಪುಟ ನೋಡಿ. ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೊಯನ್ಸ್, ಪಿಎಫ್ ಎಲ್ಲ ಮುಗಿದ ಮೇಲೆ ಕೆಳಗೆಲ್ಲೋ ಗ್ರಾಚ್ಯುಟಿ ಎಂಬ ಸಾಲು ಇರುತ್ತದೆ. ಅದರ ಮುಂದಿನ ಮೊತ್ತ ಬೇಸಿಕ್‌ನ ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಬಹುತೇಕ ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತದೆ: 4.81. ಎಚ್‌ಆರ್ ವಿಭಾಗದವರಿಗೆ ಅದು ಎಕ್ಸೆಲ್ ಶೀಟಿನ ಒಂದು ಸೂತ್ರ. ಹೊಸದಾಗಿ ಸೇರುವವರು, ‘ಐದು ವರ್ಷ ಇದ್ದರೆ ತಾನೇ ಅದು’ ಎಂದು ಆ ಸಾಲನ್ನು ದಾಟಿ ಸಹಿ ಹಾಕುತ್ತಾರೆ.

ಈ 4.81 ಕಾನೂನಿನ ಯಾವ ಕಲಮಿನಲ್ಲೂ ಇಲ್ಲ. ಕಾನೂನು ಹೇಳುವುದಿಷ್ಟು: ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಬೇಕು, ಒಂದು ದಿನದ ಸಂಬಳ ಎಷ್ಟೆಂದು ತಿಳಿಯಲು ತಿಂಗಳ ಸಂಬಳವನ್ನು 26ರಿಂದ ಭಾಗಿಸಬೇಕು. 15ನ್ನು 26ರಿಂದ, ಬಂದದ್ದನ್ನು ಮತ್ತೆ ಹನ್ನೆರಡು ತಿಂಗಳಿಂದ ಭಾಗಿಸಿದರೆ ನೂರಕ್ಕೆ 4.81 ಸಿಗುತ್ತದೆ. ತಿಂಗಳಿಗೆ ಮೂವತ್ತು ದಿನವಿರುವಾಗ 26 ಎಲ್ಲಿಂದ ಬಂತು? ಐದು ವರ್ಷ ಯಾಕೆ? ಕೆಲಸದಿಂದ ತೆಗೆದುಹಾಕಿದವರಿಗೂ ಅದು ಸಿಗುತ್ತದೆಯೇ? ಒಂದೊಂದು ಪ್ರಶ್ನೆಗೂ ಯಾವುದೋ ಗಿರಣಿಯ, ಯಾವುದೋ ಕಚೇರಿಯ ನೌಕರರು ಕೋರ್ಟು ಹತ್ತಿ ಉತ್ತರ ಪಡೆದಿದ್ದಾರೆ. ಅವರ ಕಥೆ ಗೊತ್ತಿದ್ದರೆ ಮಾಲೀಕರೂ ಮ್ಯಾನೇಜರುಗಳೂ ಈ ಹಣವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಸ್ವಾತಂತ್ರ್ಯದ ಮೊದಲ ದಶಕಗಳಲ್ಲಿ ಗ್ರಾಚ್ಯುಟಿ ಮಾಲೀಕನ ಮರ್ಜಿಗೆ ಬಿಟ್ಟದ್ದಾಗಿತ್ತು. ಕೆಲವು ದೊಡ್ಡ ಸಂಸ್ಥೆಗಳು ತಾವಾಗಿಯೇ ಕೊಡುತ್ತಿದ್ದವು. ಉಳಿದ ಕಡೆ ಯೂನಿಯನ್ನಿನವರು ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿ, ಕಂಪನಿಗೆ ಲಾಭವಿದೆ, ಕೊಡುವ ತಾಕತ್ತಿದೆ ಎಂದು ರುಜುವಾತು ಮಾಡಿ ಪಡೆಯಬೇಕಿತ್ತು. ಕಾನೂನಿನ ಬಲದಿಂದ ಮೊದಲು ಗ್ರಾಚ್ಯುಟಿ ಪಡೆದವರು ಪತ್ರಕರ್ತರು. ಪ್ರೆಸ್ ಕಮಿಷನ್ನಿನ ವರದಿಯ ಬೆನ್ನಿಗೆ 1955ರಲ್ಲಿ ಬಂದ ಕಾರ್ಯನಿರತ ಪತ್ರಕರ್ತರ ಕಾಯ್ದೆ, ಮೂರು ವರ್ಷ ದುಡಿದು ತಾವಾಗಿ ರಾಜೀನಾಮೆ ಕೊಟ್ಟವರಿಗೂ ಗ್ರಾಚ್ಯುಟಿ ಕೊಡಬೇಕೆಂದಿತು. ಪತ್ರಿಕಾ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1958ರ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ತೀರ್ಪು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿದರೂ ಈ ಒಂದು ಉಪಕಲಮನ್ನು ಹೊಡೆದುಹಾಕಿತು. ಮೂರೇ ವರ್ಷ ಇದ್ದು ತಾನಾಗಿ ಬಿಟ್ಟುಹೋಗುವವನಿಗೂ ಕೊಡಬೇಕೆನ್ನುವುದು ಮಾಲೀಕನ ಮೇಲೆ ಅತಿಯಾದ ಹೊರೆ ಎಂಬುದು ಆಗಿನ ನ್ಯಾಯಾಲಯದ ನಿಲುವು.

ಮೂರು ವರ್ಷದ ಬಳಿಕ ಇನ್ನೊಂದು ತೀರ್ಪು ಬಂತು. ಈ ಇಡೀ ಕಥೆಯ ತಿರುವು ಅದೇ ಎಂದು ನನಗನ್ನಿಸುತ್ತದೆ. ಬಟ್ಟೆ ಶುಚಿಗೊಳಿಸುವ ‘ಗಾರ್ಮೆಂಟ್ ಕ್ಲೀನಿಂಗ್ ವರ್ಕ್ಸ್’ ಎಂಬ ಸಂಸ್ಥೆಯ ಮಾಲೀಕರ ವಾದ ಸರಳವಾಗಿತ್ತು: ದುರ್ನಡತೆಗಾಗಿ ವಜಾ ಆದವನಿಗೆ ಗ್ರಾಚ್ಯುಟಿ ಏಕೆ ಕೊಡಬೇಕು? 1961ರಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್. ಸತಾರದಲ್ಲಿ ಹುಟ್ಟಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮನೆತನದ ಹೆಸರಿನಲ್ಲೇ ನಮ್ಮ ಗಜೇಂದ್ರಗಡವನ್ನು ಹೊತ್ತವರು. ಮುಂದೆ ಮುಖ್ಯ ನ್ಯಾಯಮೂರ್ತಿಯಾಗಿ, ನಿವೃತ್ತಿಯ ಬಳಿಕ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರೂ ಆದರು. ಗ್ರಾಚ್ಯುಟಿ ಮಾಲೀಕ ದಯೆತೋರಿ ಕೊಡುವ ಹಣವಲ್ಲ, ನೌಕರ ಆಗಲೇ ಸಲ್ಲಿಸಿದ ಸೇವೆಗೆ ಸಲ್ಲಬೇಕಾದದ್ದು. ಅಷ್ಟು ವರ್ಷ ದುಡಿದು ಗಳಿಸಿದ್ದನ್ನು ಕೊನೆಯಲ್ಲಿ ನಡೆದ ಒಂದು ತಪ್ಪಿಗಾಗಿ ಪೂರ್ತಿ ಕಿತ್ತುಕೊಳ್ಳುವುದು ನ್ಯಾಯವಲ್ಲ ಎಂಬುದು ಅವರ ತರ್ಕ. ತಪ್ಪಿನಿಂದ ಮಾಲೀಕನಿಗೆ ನಷ್ಟವಾಗಿದ್ದರೆ ಆ ನಷ್ಟದಷ್ಟನ್ನು ಮುರಿದುಕೊಳ್ಳಬಹುದು.

1970ರಲ್ಲಿ ಕೇರಳ, 1971ರಲ್ಲಿ ಪಶ್ಚಿಮ ಬಂಗಾಳ ತಮ್ಮದೇ ಕಾನೂನು ಮಾಡಿದವು. ಒಂದೊಂದು ರಾಜ್ಯಕ್ಕೂ ಒಂದೊಂದು ಲೆಕ್ಕವಾದರೆ ಹಲವು ಕಡೆ ಶಾಖೆಯಿರುವ ಕಂಪನಿಗಳ ಗತಿಯೇನು ಎಂಬ ಪ್ರಶ್ನೆ ಎದ್ದಾಗ ಕೇಂದ್ರ ಮುಂದೆ ಬಂತು. 1972ರ ಸೆಪ್ಟೆಂಬರ್ 16ರಂದು ಗ್ರಾಚ್ಯುಟಿ ಪಾವತಿ ಕಾಯ್ದೆ ಜಾರಿಯಾಯಿತು. ಹತ್ತು ಜನರಿರುವ ಅಂಗಡಿಗೂ ಅನ್ವಯ, ಐದು ವರ್ಷ ಪೂರೈಸಿದ್ದರೆ ರಾಜೀನಾಮೆ ಕೊಟ್ಟವರಿಗೂ ಹಕ್ಕು. ಸಾವು ಅಥವಾ ಅಂಗವೈಕಲ್ಯ ಬಂದೊದಗಿದರೆ ಐದು ವರ್ಷದ ಷರತ್ತೂ ಇಲ್ಲ. ತಿಂಗಳಿಗೆ ಸಾವಿರ ರೂಪಾಯಿ ಮೀರಿದ ಸಂಬಳದವರು ಮಾತ್ರ ಆಗ ಹೊರಗಿದ್ದರು.

ಹದಿನೈದು ದಿನದ ಸಂಬಳ ಎಂದು ಕಾಯ್ದೆ ಬರೆಯಿತೇ ಹೊರತು ಒಂದು ದಿನದ ಸಂಬಳ ಹೇಗೆ ತೆಗೆಯಬೇಕೆಂದು ಬರೆಯಲಿಲ್ಲ. ಹದಿನೈದು ದಿನ ಅಂದರೆ ಅರ್ಧ ತಿಂಗಳು ಎಂದು ಮಾಲೀಕರು ಹಿಡಿದರು. ಗುಜರಾತಿನ ದಿಗ್ವಿಜಯ್ ವುಲನ್ ಮಿಲ್ಸ್‌ನ ನೌಕರರೊಬ್ಬರ ಪ್ರಕರಣ 1980ರಲ್ಲಿ ಸುಪ್ರೀಂ ಕೋರ್ಟು ಮುಟ್ಟಿತು. ವಾರಕ್ಕೊಂದು ರಜೆ ಕಳೆದರೆ ತಿಂಗಳಲ್ಲಿ ಕಾರ್ಮಿಕ ದುಡಿಯುವುದು 26 ದಿನ. ತಿಂಗಳ ಸಂಬಳ ಅಷ್ಟು ದಿನದ ದುಡಿಮೆಗೆ ಸಿಗುವ ಹಣ. ಹಾಗಾಗಿ ಭಾಗಿಸಬೇಕಾದದ್ದು 26ರಿಂದ ಎಂದಿತು ಕೋರ್ಟು. 1984ರಲ್ಲಿ ಜೀವನ್‌ಲಾಲ್ ಕಂಪನಿಯ ಪ್ರಕರಣದಲ್ಲಿ ಮತ್ತೆ ಅದೇ ಮಾತು ಖಚಿತವಾಯಿತು. 1987ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೊಳಗೇ ಬಂದು ಕೂತಿತು. ಇದರಿಂದ ಆದ ವ್ಯತ್ಯಾಸ ನೋಡಿ. ಕೊನೆಯ ಸಂಬಳ 26,000 ರೂಪಾಯಿ, ಸೇವೆ ಹನ್ನೆರಡು ವರ್ಷ ಎಂದಿಟ್ಟುಕೊಳ್ಳೋಣ. 30ರ ಲೆಕ್ಕದಲ್ಲಿ 1,56,000 ಬರುತ್ತದೆ, 26ರ ಲೆಕ್ಕದಲ್ಲಿ 1,80,000. ಹೆಚ್ಚಿಗೆ ಬಂದ 24,000 ರೂಪಾಯಿ ಉಣ್ಣೆ ಗಿರಣಿಯ ಆ ನೌಕರ ಹೂಡಿದ ಹಟದ ಫಲ.

ನನ್ನನ್ನು ಹೆಚ್ಚು ತಟ್ಟಿದ ಪ್ರಕರಣ ಸೊಲ್ಲಾಪುರದ್ದು. ‘ಲಾಲಪ್ಪ ಲಿಂಗಪ್ಪ ವಿರುದ್ಧ ಲಕ್ಷ್ಮಿ ವಿಷ್ಣು ಟೆಕ್ಸ್‌ಟೈಲ್ ಮಿಲ್ಸ್’ ಎಂಬ ಹೆಸರು ಓದಿದರೆ ಸಾಕು, ಗಡಿಯಾಚೆಯ ಆ ಗಿರಣಿಯೂರಿನ ಕನ್ನಡ ಮನೆಗಳು ನೆನಪಾಗುತ್ತವೆ. ಗಿರಣಿಗಳಲ್ಲಿ ಕಾಯಂ ಕಾರ್ಮಿಕರ ಜೊತೆಗೆ ಬದಲಿ ಕಾರ್ಮಿಕರೂ ಇರುತ್ತಿದ್ದರು. ಬೆಳಗಿನ ಪಾಳಿ ಹೊತ್ತಿಗೆ ಗೇಟಿಗೆ ಬಂದು ನಿಲ್ಲುವುದು, ಯಾರಾದರೂ ಬಾರದಿದ್ದರೆ ಅವರ ಮಗ್ಗಕ್ಕೆ ಹೋಗುವುದು, ಎಲ್ಲರೂ ಬಂದಿದ್ದರೆ ಮನೆಗೆ ತಿರುಗುವುದು. ವರ್ಷಕ್ಕೆ 240 ದಿನ ಕೆಲಸವೇ ಸಿಗದ ಬದಲಿಗಳೂ, ರಜೆ ಇಲ್ಲದೆ ಗೈರಾಗಿ 240 ದಿನ ತುಂಬದ ಕಾಯಂನವರೂ ಗ್ರಾಚ್ಯುಟಿ ಕೇಳಿದರು. 1981ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಇಬ್ಬರಿಗೂ ಇಲ್ಲವೆಂದಿತು. ನಿಜವಾಗಿ ದುಡಿದ ದಿನಗಳು 240 ಆಗದ ವರ್ಷ ಲೆಕ್ಕಕ್ಕಿಲ್ಲ.

ಸಂಸತ್ತು 1984ರಲ್ಲಿ ಕಾಯ್ದೆ ತಿದ್ದಿತು. ಕಾಯಿಲೆ, ಅಪಘಾತ, ರಜೆ, ಲೇಆಫ್, ಮುಷ್ಕರ, ಬೀಗಮುದ್ರೆ, ಕಡೆಗೆ ಹೇಳದೆ ಕೇಳದೆ ಗೈರಾದದ್ದು ಕೂಡ, ಅದನ್ನು ಸೇವಾಭಂಗವೆಂದು ನಿಯಮದ ಪ್ರಕಾರ ಆದೇಶ ಹೊರಡಿಸದಿದ್ದರೆ, ನಿರಂತರ ಸೇವೆಯನ್ನು ಕಡಿಯುವುದಿಲ್ಲ ಎಂದು ಬರೆಯಿತು. ಆ ಕಲಮಿಗೆ ಪೂರ್ವಾನ್ವಯವಾಗಿ ಕೊಟ್ಟ ದಿನಾಂಕ 11-2-1981, ತೀರ್ಪು ಬಂದ ಅದೇ ದಿನ. ಸೊಲ್ಲಾಪುರದವರು ಕೋರ್ಟಿನಲ್ಲಿ ಸೋತದ್ದು ದೇಶದ ಕಾಯಂ ಕಾರ್ಮಿಕರಿಗೆಲ್ಲ ದಾರಿ ಮಾಡಿತು. ಬದಲಿಗಳ ಪಾಲಿಗೆ ಮಾತ್ರ 240 ದಿನದ ಲೆಕ್ಕ ಹಾಗೆಯೇ ಉಳಿಯಿತು.

ಅದೇ ಕಲಮು ಇವತ್ತು ಐಟಿ ಕಂಪನಿಗಳ ಎಚ್‌ಆರ್ ಮೇಜಿನ ಮೇಲಿದೆ. ನಾಲ್ಕು ವರ್ಷ ಮುಗಿಸಿ ಐದನೆಯ ವರ್ಷದಲ್ಲಿ 240 ದಿನ ದುಡಿದವರಿಗೆ ಐದು ವರ್ಷ ತುಂಬಿದಂತೆಯೇ ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ಕೆಲಸ ಮಾಡುವ ಕಚೇರಿಗಳಿಗೆ ಕಲಮಿನಲ್ಲಿರುವ ಅಂಕಿ 190. ಹೆರಿಗೆ ರಜೆಯ ದಿನಗಳನ್ನೂ ದುಡಿದ ದಿನಗಳೆಂದೇ ಎಣಿಸಬೇಕು. ಐದು ವರ್ಷಕ್ಕೆ ಒಂದೆರಡು ತಿಂಗಳು ಬಾಕಿಯಿರುವಾಗ ನೌಕರರನ್ನು ಸಾಗಹಾಕಿದರೆ ಉಳಿತಾಯ ಎಂದುಕೊಳ್ಳುವ ಮ್ಯಾನೇಜರುಗಳು ಇದನ್ನು ಗಮನಿಸಬೇಕು.

ಶಿಕ್ಷಕರ ಕಥೆ ಬೇರೆಯೇ. 1997ರ ಏಪ್ರಿಲ್ 3ರ ಅಧಿಸೂಚನೆ ಶಾಲೆ ಕಾಲೇಜುಗಳನ್ನು ಕಾಯ್ದೆಯೊಳಗೆ ತಂದಿತು. ಆದರೆ ನೌಕರ ಎಂಬುದರ ವ್ಯಾಖ್ಯೆಯಲ್ಲಿದ್ದದ್ದು ಕುಶಲ, ಅಕುಶಲ, ಗುಮಾಸ್ತಗಿರಿ ಇತ್ಯಾದಿ ಕೆಲಸ; ಪಾಠ ಹೇಳುವುದು ಯಾವುದರಲ್ಲೂ ಬರುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಶಾಲೆಯ ಜವಾನನಿಗೆ ಗ್ರಾಚ್ಯುಟಿ, ಮೇಷ್ಟ್ರಿಗೆ ಇಲ್ಲ! ಸಂಸತ್ತು 2009ರಲ್ಲಿ ವ್ಯಾಖ್ಯೆ ತಿದ್ದಿ 1997ರಿಂದಲೇ ಅನ್ವಯಿಸಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು, 2022ರಲ್ಲಿ ಸೋತವು.

ಗರಿಷ್ಠ ಮಿತಿ ಕಾಲಕಾಲಕ್ಕೆ ಏರಿ 2010ರಲ್ಲಿ 10 ಲಕ್ಷ, 2018ರಲ್ಲಿ 20 ಲಕ್ಷವಾಯಿತು. ಸಂಬಳ ಎಷ್ಟೇ ಇದ್ದರೂ ಎಲ್ಲ ನೌಕರರಿಗೂ ಹಕ್ಕು ಸಿಕ್ಕಿದ್ದು 1994ರ ತಿದ್ದುಪಡಿಯಿಂದ.

ಮಾಲೀಕರಿಗೆ ಈಗ ಹೊಸ ಲೆಕ್ಕ ಶುರುವಾಗಿದೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1972ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. 15 ಮತ್ತು 26 ಹಾಗೆಯೇ ಉಳಿದಿವೆ, ಸಂಬಳ ಎಂಬುದರ ಅರ್ಥ ಮಾತ್ರ ಬದಲಾಗಿದೆ. ಎಚ್‌ಆರ್‌ಎ ಮುಂತಾದ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನು ಮತ್ತೆ ಸಂಬಳಕ್ಕೆ ಕೂಡಿಸಬೇಕು. ತಿಂಗಳಿಗೆ ಒಂದು ಲಕ್ಷ ಕೊಟ್ಟು ಬೇಸಿಕ್ 30,000 ಎಂದು ತೋರಿಸುತ್ತಿದ್ದ ಕಂಪನಿ, ವರ್ಷಕ್ಕೆ 17,308 ರೂಪಾಯಿಯ ಬದಲು 50,000ದ ಮೇಲೆ 28,846 ರೂಪಾಯಿ ಲೆಕ್ಕ ಹಾಕಬೇಕಾಗುತ್ತದೆ. ನಿಗದಿತ ಅವಧಿಯ ಕರಾರಿನ ಮೇಲೆ ಬಂದವರಿಗೆ ಅವಧಿ ಮುಗಿದಾಗ ಐದು ವರ್ಷದ ಷರತ್ತಿಲ್ಲದೆ, ದುಡಿದಷ್ಟಕ್ಕೆ ಕೊಡಬೇಕು. ಪತ್ರಕರ್ತರಿಗೆ ಐದರ ಬದಲು ಮೂರು ವರ್ಷ. 1958ರಲ್ಲಿ ಕೋರ್ಟು ಹೊಡೆದುಹಾಕಿದ ಆ ಮೂರು ವರ್ಷ ಹೀಗೆ ಕಾನೂನಿಗೆ ಮರಳಿತು.

ಹಣ ಎತ್ತಿಡುವ ಬಗ್ಗೆ ಒಂದು ಮಾತು. ಪ್ರತಿ ತಿಂಗಳು 4.81 ತೆಗೆದಿಟ್ಟರೆ ಸಾಕು ಎಂದು ಸಣ್ಣ ಉದ್ಯಮಿಗಳು ತಿಳಿದಿರುತ್ತಾರೆ, ಸಾಲುವುದಿಲ್ಲ. ಗ್ರಾಚ್ಯುಟಿ ನಿಂತಿರುವುದು ಕೊನೆಯ ಸಂಬಳದ ಮೇಲೆ. ಇವತ್ತಿನ ಬಡ್ತಿ ಹಿಂದಿನ ಹದಿನೈದು ವರ್ಷಗಳ ಬೆಲೆಯನ್ನೂ ಏರಿಸುತ್ತದೆ. ಆಕ್ಚುವರಿ ಕೈಲಿ ಲೆಕ್ಕ ಮಾಡಿಸುವುದು ಇದಕ್ಕೇ. ವಿಮೆ ಕಡ್ಡಾಯ ಮಾಡುವ ಕಲಮು 1987ರಿಂದ ಕಾಯ್ದೆಯಲ್ಲಿದ್ದರೂ ಕರ್ನಾಟಕ ಅದಕ್ಕೆ ನಿಯಮ ಮಾಡಿದ್ದು 2024ರ ಜನವರಿಯಲ್ಲಿ. ಕಾರ್ಖಾನೆ ಮುಚ್ಚಿ, ಯಂತ್ರಗಳನ್ನು ಬ್ಯಾಂಕು ಜಪ್ತಿ ಮಾಡಿದ ಮೇಲೆ ಗ್ರಾಚ್ಯುಟಿಗಾಗಿ ಕಾರ್ಮಿಕ ಇಲಾಖೆಗೆ ಅಲೆಯುವವರನ್ನು ನೋಡಿದವರಿಗೆ ಇದು ಎಷ್ಟು ತಡವಾಯಿತೆಂದು ಗೊತ್ತು.

ಅರ್ಜಿ ಬರಲಿಲ್ಲ, ಅದಕ್ಕೆ ಕೊಟ್ಟಿಲ್ಲ ಎಂಬ ಉತ್ತರವೂ ನಡೆಯುವುದಿಲ್ಲ. ಅರ್ಜಿ ಬರಲಿ ಬಿಡಲಿ, ಮೊತ್ತ ಲೆಕ್ಕ ಹಾಕಿ ತಿಳಿಸುವುದು, ಮೂವತ್ತು ದಿನದೊಳಗೆ ಕೊಡುವುದು ಮಾಲೀಕನ ಹೊಣೆ. ತಡವಾದರೆ ಬಡ್ಡಿ ಸೇರುತ್ತದೆ. ಆದೇಶದ ವಿರುದ್ಧ ಮೇಲ್ಮನವಿ ಹೋಗಬೇಕಾದರೂ ಮೊದಲು ಹಣ ಠೇವಣಿ ಇಡಬೇಕು.

ಬಗೆಹರಿಯದೆ ಉಳಿದಿರುವುದು ಏಜೆನ್ಸಿಯ ಮೂಲಕ ದುಡಿಯುವವರ ಪಾಡು. ಅಪಾರ್ಟ್‌ಮೆಂಟಿನ ಗೇಟಿನ ಸೆಕ್ಯೂರಿಟಿಯವರು, ಆಸ್ಪತ್ರೆಯ ಹೌಸ್‌ಕೀಪಿಂಗ್ ಹೆಂಗಸರು ಹತ್ತು ವರ್ಷ ಅದೇ ಜಾಗದಲ್ಲಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗುತ್ತದೆ, ಸಮವಸ್ತ್ರ ಬದಲಾಗುತ್ತದೆ, ಸೇವೆ ಮತ್ತೆ ಒಂದರಿಂದ ಶುರುವಾಗುತ್ತದೆ. ಗುತ್ತಿಗೆ ಕೊಡುವ ಸಂಸ್ಥೆಗಳು ಟೆಂಡರಿನಲ್ಲೇ ಗ್ರಾಚ್ಯುಟಿಯ ಹಣವನ್ನು ಬೇರೆಯಾಗಿ ಕಾಣಿಸಿ, ಹೊಸ ಏಜೆನ್ಸಿ ಹಳಬರನ್ನು ಉಳಿಸಿಕೊಂಡರೆ ಅವರ ಹಿಂದಿನ ಸೇವೆಯನ್ನೂ ಒಪ್ಪಿಕೊಳ್ಳಬೇಕೆಂದು ಕರಾರಿನಲ್ಲಿ ಬರೆಯಬಹುದು. ಹಾಗೆ ಬರೆಯಲು ಇನ್ನೊಂದು ತೀರ್ಪಿಗಾಗಲಿ ತಿದ್ದುಪಡಿಗಾಗಲಿ ಕಾಯಬೇಕಿಲ್ಲ.