ಉಳ್ಳಾಲದ ಮೆಣಸು, ನೇತ್ರಾವತಿಯ ಹೊಯಿಗೆ

16ನೇ ಶತಮಾನದಲ್ಲಿ ನಮ್ಮ ಕರಾವಳಿಯಿಂದ ಹಡಗು ಹೊರಡಬೇಕಾದರೆ ಪೋರ್ಚುಗೀಸರ ಚೀಟಿ ಬೇಕಿತ್ತು. ಅದರ ಹೆಸರು ಕರ್ತಾಜ್. ಹಡಗಿನ ಗಾತ್ರ, ಸರಕು, ಆಯುಧ, ಹೋಗುವ ಬಂದರು ಎಲ್ಲವನ್ನೂ ಅದರಲ್ಲಿ ಬರೆಸಬೇಕು. ಅವರ ಬಂದರಿನಲ್ಲಿ ನಿಂತು ಸುಂಕ ಕಟ್ಟಬೇಕು. ಚೀಟಿ ಇಲ್ಲವೋ, ಹಡಗೂ ಸರಕೂ ಜಪ್ತಿ. ಒಳ್ಳೆಮೆಣಸಂತೂ ಲಿಸ್ಬನ್ನಿನ ಅರಸನ ಸ್ವತ್ತೆಂದೇ ಅವರ ಲೆಕ್ಕ. ಬೆಳೆದವರು ಘಟ್ಟದ ಬುಡದ ರೈತರು, ಕೊಳ್ಳುವವರು ಅರಬ್ ವರ್ತಕರು. ನಡುವೆ ಪೋರ್ಚುಗೀಸರಿಗೇನು ಹಕ್ಕು?

ಉಳ್ಳಾಲದ ಚೌಟ ರಾಣಿ ಅಬ್ಬಕ್ಕ ಅವರಿಗೆ ಕಪ್ಪ ಕೊಡಲಿಲ್ಲ. ಕೋಳಿಕ್ಕೋಡಿನ ಅರಸ ಸಾಮೂದಿರಿಯೊಂದಿಗೆ, ಅರಬ್ಬರೊಂದಿಗೆ ವ್ಯಾಪಾರ ನಿಲ್ಲಿಸಲೂ ಇಲ್ಲ. ತುಳುನಾಡಿನ ಅಕ್ಕಿ, ಮೆಣಸು ಕಡಲು ದಾಟುತ್ತಲೇ ಇದ್ದವು. ಪೋರ್ಚುಗೀಸರ ಕಣ್ಣಿಗೆ ಅದು ಕಳ್ಳಸಾಗಣೆ. 1568ರಲ್ಲಿ ಅವರು ನೇತ್ರಾವತಿ ಹೊಳೆಯಾಚೆ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಅದರ ಮೇಲೆ ರಾತ್ರಿ ದಾಳಿ ಮಾಡಿದ ಸಾಮೂದಿರಿಯ ನಾಯಕ ಕುಟ್ಟಿ ಪೋಕರ್ ಮರಕ್ಕಾರ್ ಹಿಂದಿರುಗುವಾಗ ಕಡಲಲ್ಲೇ ಪ್ರಾಣ ಕಳೆದುಕೊಂಡ. ಅಬ್ಬಕ್ಕನನ್ನಾಗಲಿ ಮರಕ್ಕಾರನನ್ನಾಗಲಿ ಕಳ್ಳರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕದಲ್ಲಿದ್ದ ಚಿಂತಕ ಸ್ಯಾಮ್ಯುಯೆಲ್ ಕಾಂಕಿನ್ 1980ರಲ್ಲಿ ಪ್ರಕಟಿಸಿದ ಪ್ರಣಾಳಿಕೆಯಲ್ಲಿ ಇಂಥ ವ್ಯಾಪಾರವನ್ನೇ ರಾಜಕೀಯ ದಾರಿಯಾಗಿಸಿದ. ಪರ್ಮಿಟ್ಟಿಲ್ಲದೆ, ತೆರಿಗೆ ಕಟ್ಟದೆ ನಡೆಯುವ ಕೊಡುಕೊಳ್ಳುವಿಕೆ ಹೆಚ್ಚಿದಷ್ಟೂ ಸರಕಾರ ಸೊರಗುತ್ತದೆ ಎಂಬುದು ಅವನ ವಾದ. ಆದರೆ ಹಿಂಸೆಗೂ ಕಳವಿಗೂ ಅದರಲ್ಲಿ ಜಾಗವಿಲ್ಲ ಎಂದೂ ಅವನೇ ಹೇಳಿದ್ದ. ಉಳ್ಳಾಲದ ಕತೆ ಅವನ ಅಚ್ಚಿಗೆ ಪೂರ್ತಿ ಕೂರುವುದಿಲ್ಲ. ಇಲ್ಲಿ ದೊಡ್ಡ ಪ್ರಭುತ್ವವನ್ನು ಧಿಕ್ಕರಿಸಿದ್ದು ಇನ್ನೊಂದು ಪುಟ್ಟ ಪ್ರಭುತ್ವವೇ.

ಈಗ ಅದೇ ನೇತ್ರಾವತಿಯಲ್ಲಿ ಕದ್ದು ಸಾಗುವುದು ಹೊಯಿಗೆ, ಅಂದರೆ ಮರಳು. ಇದನ್ನೂ ಬಡವರ ಸ್ವಾತಂತ್ರ್ಯ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹೊಳೆಯ ತಳ ತಗ್ಗಿದರೆ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ, ದಡದ ಬಾವಿಗಳ ನೀರು ಕೆಡುತ್ತದೆ. ಉಳ್ಳಾಲದ ತೀರವನ್ನು ಕಡಲು ಮೊದಲೇ ನುಂಗುತ್ತಿದೆ. ಕೊರೆತ ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಡಲಿಗೆ ಕಲ್ಲು ಹಾಕಬೇಕಾಯಿತು. ಫಲ್ಗುಣಿ ಹೊಳೆಯ ಮೂಲರಪಟ್ಣ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗ ಊರವರು ಬೊಟ್ಟು ಮಾಡಿದ್ದು ಅಕ್ರಮ ಮರಳುಗಾರಿಕೆಯತ್ತ. ಕಾಂಕಿನ್ ಬೇಡವೆಂದ ಕಳವು ಇದೇ.

ಹಾಗೆಂದು ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ಹೊಳೆಯ ದಿಬ್ಬದಿಂದ ಕೈಯಲ್ಲೇ ಹೊಯಿಗೆ ಎತ್ತುವ ಸಾಂಪ್ರದಾಯಿಕ ದೋಣಿಯವರಿಗೆ ಪರ್ಮಿಟ್ ಕೊಡುವ ವ್ಯವಸ್ಥೆಯನ್ನು ರೂಪಿಸಿದ್ದು ಸರಕಾರವೇ. ಪರ್ಮಿಟ್ ತಡವಾದಷ್ಟೂ ಮನೆ ಕಟ್ಟುವವರು ರಾತ್ರಿಯ ಲಾರಿಗೆ ಕೈಮುಗಿಯುತ್ತಾರೆ. ಆ ಪರ್ಮಿಟ್ ಹೊತ್ತಿಗೆ ಸರಿಯಾಗಿ, ಅರ್ಹರಿಗೆ ಸಿಗಲಿ. ಡ್ರೆಜ್ಜಿಂಗ್ ಯಂತ್ರ ಇಳಿಸಿದವರ ಮೇಲೆ ಮಾತ್ರ ಮುಲಾಜಿಲ್ಲದೆ ಕೇಸು ಬೀಳಲಿ.