ಕುಂಚಕ್ಕೊಂದು ಕಠಿಣ ಪಣ

‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆಯನ್ನು ಚಿತ್ರಕಲೆ ಕಲಿಯುವವರಿಗೂ ಹೇಳುವುದುಂಟು. ಆದರೆ ಅದೇ ತೆಂಗಿನಮರ, ಅದೇ ಸೂರ್ಯಾಸ್ತವನ್ನು ವರ್ಷಗಟ್ಟಲೆ ಬಿಡಿಸಿದ ಕೈ ಚುರುಕಾದೀತೇ ಹೊರತು ಹೊಸತೇನನ್ನೂ ಕಲಿಯಲಾರದು. ಗೊತ್ತಿರುವ ಉಪಾಯಗಳಿಂದಲೇ ಚಿತ್ರ ಮುಗಿದುಹೋದರೆ ಕಣ್ಣಿಗೆ ಹೊಸದಾಗಿ ನೋಡುವ ಪ್ರಸಂಗವೇ ಬರುವುದಿಲ್ಲ. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲುವಾದಕರನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನವೂ ಬರಿಯ ಅನುಭವ ಸಾಲದು, ಸದ್ಯ ಕೈಗೆಟುಕದ್ದನ್ನು ಗುರಿಯಾಗಿಟ್ಟ ಅಭ್ಯಾಸ ಬೇಕು ಎಂದು ಒತ್ತಿ ಹೇಳಿತು. ಚಿತ್ರಕಾರರಿಗೆ ಅಂಥ ಅಭ್ಯಾಸ ಒದಗುವುದು ತಾವೇ ತೊಟ್ಟ ಪಣದಿಂದ. ಆದರೆ ಎಲ್ಲ ಕಷ್ಟಗಳೂ ಒಮ್ಮೆಗೇ ಮೇಲೆರಗದೆ, ಒಂದೇ ಕಷ್ಟ ಎದುರು ನಿಲ್ಲುವಂತೆ ಆ ಪಣವನ್ನು ಕಟ್ಟಿಕೊಳ್ಳಬೇಕು.

ವಿನ್ಸೆಂಟ್ ವ್ಯಾನ್ ಗೋ ಚಿತ್ರಕಾರನಾಗಲು ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ನೆದರ್ಲೆಂಡ್ಸ್‌ನ ನ್ಯೂನೆನ್ ಹಳ್ಳಿಯಲ್ಲಿದ್ದಾಗ 50 ತಲೆಗಳನ್ನು ಚಿತ್ರಿಸುವ ಪಣ ತೊಟ್ಟು, ರೈತರ ಮುಖಗಳನ್ನು ಒಂದಾದ ಮೇಲೊಂದು ಬರೆದ. 1885ರ ‘ಆಲೂಗಡ್ಡೆ ತಿನ್ನುವವರು’ ಆ ಸಾಧನೆಯ ಫಲ. ಮುಖಗಳು ಕೈವಶವಾದವು, ಬಣ್ಣ ಮಾತ್ರ ಮಣ್ಣಿನ ಮಬ್ಬಿನಲ್ಲೇ ಉಳಿಯಿತು. ಮರುವರ್ಷ ಪ್ಯಾರಿಸ್ ಸೇರಿದಾಗ ರೂಪದರ್ಶಿಗಳಿಗೆ ಕೊಡಲು ಹಣವಿರಲಿಲ್ಲ. ಬೇಸಿಗೆಯಿಡೀ ಹೂವುಗಳನ್ನೇ ಚಿತ್ರಿಸಿದ. ಹೂದಾನಿ ಅಲುಗಾಡುವುದಿಲ್ಲ, ಕೂಲಿ ಕೇಳುವುದಿಲ್ಲ, ಹೋಲಿಕೆ ತಪ್ಪಿತೆಂದು ದೂರುವುದೂ ಇಲ್ಲ. ವಸ್ತು ಹೀಗೆ ಸುಲಭವಾದ್ದರಿಂದ ನೀಲಿಗೆ ಕಿತ್ತಳೆ, ಕೆಂಪಿಗೆ ಹಸಿರು, ಹಳದಿಗೆ ನೇರಳೆ ಎದುರಿಟ್ಟು ಬಣ್ಣವನ್ನಷ್ಟೇ ಪಳಗಿಸುವುದು ಸಾಧ್ಯವಾಯಿತು. 1888ರಲ್ಲಿ ಆರ್ಲ್ ಪಟ್ಟಣದಲ್ಲಿ ಹಳದಿ ಹಿನ್ನೆಲೆಯ ಮುಂದೆ ಹಳದಿ ಸೂರ್ಯಕಾಂತಿಗಳನ್ನು ಬರೆಯುವಾಗ ವಿರುದ್ಧವರ್ಣಗಳ ಆ ಊರುಗೋಲನ್ನೂ ಬಹುಮಟ್ಟಿಗೆ ಬಿಟ್ಟುಕೊಟ್ಟ. ಹಿಂದಿನ ಪಣ ಗೆದ್ದವನಿಗಷ್ಟೇ ಮುಂದಿನದು ಎಟುಕುವಂಥದ್ದು.

ವ್ಯಾನ್ ಗೋನ ಬಣ್ಣ ಬದಲಾದದ್ದು ಪ್ಯಾರಿಸ್ಸಿನ ಇಂಪ್ರೆಷನಿಸ್ಟ್ ಚಿತ್ರಗಳನ್ನು ಕಂಡದ್ದರಿಂದ, ಹೂವುಗಳಿಂದಲ್ಲ ಎಂದು ಯಾರಾದರೂ ವಾದಿಸಬಹುದು. ಆ ಪ್ರಭಾವ ನಿಜವೇ. ಆ ಗುಂಪಿನ ಕೊನೆಯ ಪ್ರದರ್ಶನ ನಡೆದದ್ದೂ 1886ರಲ್ಲೇ. ಆದರೆ ಅದನ್ನು ನೋಡಿದ ಚಿತ್ರಕಾರರು ಸಾಕಷ್ಟಿದ್ದರು. ಎಲ್ಲರ ಕುಂಚವೂ ಬದಲಾಗಲಿಲ್ಲ. ಏನು ಸಾಧ್ಯವೆಂದು ನೋಟ ತೋರಿಸುತ್ತದೆ. ಅದು ಕೈಗೆ ಇಳಿಯಲು ಕ್ಯಾನ್ವಾಸುಗಳನ್ನು ಕೆಡಿಸಿಯೇ ತೀರಬೇಕು.

ಕಷ್ಟದ ಪಣ ಹವ್ಯಾಸಿಗಳ ಉತ್ಸಾಹವನ್ನೇ ಕೊಲ್ಲುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅಮೆರಿಕದ ಜೇಕ್ ಪಾರ್ಕರ್ 2009ರಲ್ಲಿ ಆರಂಭಿಸಿದ ‘ಇಂಕ್‌ಟೋಬರ್’ನಂತೆ ತಿಂಗಳಿಡೀ ದಿನಕ್ಕೊಂದು ಶಾಯಿಚಿತ್ರ ಬಿಡಿಸಹೊರಟವರು ನಡುವೆಯೇ ಸೋತು ಕೈಬಿಡುವುದುಂಟು. ಅಳಿಸಲಾಗದ ಶಾಯಿ, ದಿನದ ಗಡುವು, ದಿನಕ್ಕೊಂದು ಹೊಸ ವಿಷಯ ಒಟ್ಟಿಗೆ ಬಂದಾಗ ಯಾವುದನ್ನೂ ಸರಿಯಾಗಿ ಕಲಿಯಲಾಗದು. ಅಂಥವರು ವಿಷಯವನ್ನಾದರೂ ಬದಲಿಸದೆ ಒಂದೇ ಚೊಂಬನ್ನು ತಿಂಗಳಿಡೀ ಬರೆಯಬಹುದು. ನೆರಳಿಗೆಲ್ಲ ಕಪ್ಪು ಬಳಿಯುವ ಅಭ್ಯಾಸವಿದ್ದವರು ಕಪ್ಪು ಟ್ಯೂಬನ್ನು ಬದಿಗಿಟ್ಟು ಮೂರೇ ಬಣ್ಣಗಳಲ್ಲಿ ಹತ್ತು ಚಿತ್ರ ಮಾಡಬಹುದು. ಮುಗಿದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಡಿ. ಅಂದು ಕಾಣದ ತಪ್ಪುಗಳು ಇಂದು ಕಂಡರೆ, ಕೊನೆಯ ಚಿತ್ರ ಅಂದವಾಗಿರದಿದ್ದರೂ ಕಲಿಕೆ ನಡೆದಿದೆ. ಮುಂದಿನ ಪಣ ಯಾವುದೆಂದು ಆ ತಪ್ಪುಗಳೇ ಹೇಳುತ್ತವೆ.